ಕರುಣವ್ವನನ್ನು ಸಾಯಗೊಡದ ಓಣಿ

ಹಿಟ್ಟಿನ ಗಿರಣಿ ನಡೆಸುವವನು ಕಾದಂಬರಿ ಬರೆಯಲು ಕೂತರೆ ನಗೆಯ ಸಂಗತಿಗಳು ಅವನನ್ನು ಹುಡುಕಿಕೊಂಡು ಬರುತ್ತವೆ. ಬೇಡವೆಂದರೂ ಜೋಳದ ಬುಟ್ಟಿಯ ಸಂಗಡ ಒಳಗೆ ಬಂದು ಪಾಳಿ ಹಚ್ಚುತ್ತವೆ.

ನಮ್ಮದು ಇಳಕಲ್ಲಿನ ಮಗ್ಗದವರ ಓಣಿ. ನಾನು ಕಲಿತದ್ದು ಹುನಗುಂದದ ಕಡೆಯ ಒಂದು ಹಳ್ಳಿ ಸಾಲೆಯಲ್ಲಿ, ಅದೂ ಏಳನೆಯ ಇಯತ್ತೆಯವರೆಗೆ. ಬೆಳಿಗ್ಗೆ ಎದ್ದು ಮನೆಮಂದಿಯೆಲ್ಲ ಪ್ರಾರ್ಥನೆ ಮಾಡುತ್ತೇವೆ. ಆಮೇಲೆ ನಾನು ಗಿರಣಿಯ ಬಾಗಿಲು ತೆಗೆಯುತ್ತೇನೆ. ದೇವರು ನನಗೆ ಎರಡು ಕೆಲಸ ಕೊಟ್ಟಿದ್ದಾನೆ: ಮಂದಿಯ ಜೋಳ ಬೀಸುವುದು, ಮತ್ತು ನಮ್ಮ ಕ್ರೈಸ್ತ ಸಭೆಗಳ ಮಾಸಪತ್ರಿಕೆಗೆ ಧಾರಾವಾಹಿ ಬರೆಯುವುದು. ಮೊದಲನೆಯದರಿಂದ ಹೊಟ್ಟೆ ತುಂಬುತ್ತದೆ. ಎರಡನೆಯದರಿಂದ ಏನಾಗುತ್ತದೆ ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನನ್ನ ಕಾದಂಬರಿಯ ನಾಯಕಿ ಕರುಣವ್ವ. ಸೀರೆ ನೇಯುವ ವಿಧವೆ. ಅತ್ತೆ ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾಳೆ. ಆದರೂ ಅವಳು ಪ್ರಾರ್ಥನೆ ಬಿಡುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಕಡೆಗೆ ಎದೆಬೇನೆಯಿಂದ ಹಾಸಿಗೆ ಹಿಡಿದು, ಅತ್ತೆಯನ್ನು ಕ್ಷಮಿಸಿ, ನಗುನಗುತ್ತ ಕಣ್ಣು ಮುಚ್ಚುತ್ತಾಳೆ. ಕಲ್ಲಿನಂಥ ಅತ್ತೆ ಆ ಹಾಸಿಗೆಯ ಬದಿಗೆ ಮೊಣಕಾಲೂರುತ್ತಾಳೆ. ಖರೆ ಹೇಳುತ್ತೇನೆ, ಆ ಸಾವಿನ ಸಲುವಾಗಿಯೇ ನಾನು ಇಡೀ ಕಾದಂಬರಿ ಹಿಡಿದದ್ದು. ಅದನ್ನು ನೆನೆದಾಗೆಲ್ಲ ನನಗೇ ಅಳು ಬರುತ್ತಿತ್ತು. ಓದುವವರೂ ಹಾಗೆ ಒಮ್ಮೆ ಅಳಬೇಕು, ಅಷ್ಟಾದರೆ ಬರೆದದ್ದು ಸಾರ್ಥಕ ಎಂದುಕೊಂಡಿದ್ದೆ. ಆ ಒಂದು ಸಾವಿಗೆ ಎಷ್ಟು ಅಡ್ಡಿ ಬಂದವು ಎಂದರೆ, ನಿಜವಾದ ಸಾವಿಗೂ ಅಷ್ಟು ಬರುವುದಿಲ್ಲ.

ಸಣ್ಣಗೆ ಬೀಸಿದ್ದು

ನಾನು ಬರೆಯುವುದು ಗಿರಣಿಯ ಗದ್ದಲದಲ್ಲಿ. ಮಷೀನು ಓಡುತ್ತಿದ್ದರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಮನಸ್ಸು ಒಂದು ಕಡೆ ನಿಲ್ಲುತ್ತದೆ. ಕರೆಂಟ್ ಹೋಯಿತೆಂದರೆ ಬರವಣಿಗೆಯೂ ಹೋಯಿತು. ಯಾಕೆಂದರೆ ಮಷೀನು ನಿಂತ ಕೂಡಲೇ ಪಾಳಿಯಲ್ಲಿ ಕೂತ ಹೆಣ್ಣುಮಕ್ಕಳು ಮಾತಿಗೆ ಶುರು ಹಚ್ಚುತ್ತಾರೆ.

ಹೀಗೆ ಬರೆದ ಮೊದಲ ಅಧ್ಯಾಯವನ್ನು ಪತ್ರಿಕೆಯ ಸಂಪಾದಕರಿಗೆ ಅಂಚೆಯಲ್ಲಿ ಕಳಿಸಿದೆ. ಅವರು ಬಾಗಲಕೋಟೆಯ ನವನಗರದಲ್ಲಿರುವ ನಿವೃತ್ತ ಕನ್ನಡ ಮಾಸ್ತರರು, ಭಾಳ ಶಿಸ್ತಿನವರು. ಕೆಲವು ದಿನ ಬಿಟ್ಟು ಅವರ ಫೋನ್ ಬಂತು.

"ನಿಮ್ಮ ಲಕೋಟಿ ಮುಟ್ಟೇತ್ರಿ. ಒಡದ ಕೂಡ್ಲೆ ನಾನೂ ಸೀನಾಕ ಹತ್ತಿದೆ, ನಮ್ಮ ಮನಿಯವರೂ ಸೀನಾಕ ಹತ್ತಿದ್ರು. ಒಳಗ ಏನ್ ಇಟ್ಟಿದ್ರಿ?"

"ಏನೂ ಇಲ್ರಿ ಸರ್, ಕಥಿ ಅಷ್ಟ."

"ಕಥಿ ಜೋಡಿ ಜ್ವಾಳದ ಹಿಟ್ಟೂ ಬಂದೈತಿ. ಮೇಜು, ಕನ್ನಡಕ, ಮೀಸಿ ಎಲ್ಲಾ ಬೆಳ್ಳಗ ಆಗ್ಯಾವು."

ನಾಚಿಕೆಯಿಂದ ಹಿಡಿಯಾದೆ. ಆದರೂ ಬರೆದವನ ಆಸೆ ಎಲ್ಲಿ ಹೋದೀತು? "ತಪ್ಪಾತ್ರಿ ಸರ್. ಅಧ್ಯಾಯ ಹೆಂಗಾಗೇತ್ರಿ?" ಎಂದೆ.

ಮಾಸ್ತರರು ಇನ್ನೊಮ್ಮೆ ಸೀನಿ ಹೇಳಿದರು: "ಹಿಟ್ಟು ಭಾಳ ನುಣ್ಣಗ ಐತ್ರಿ. ಕಥಿ ಇನ್ನ ತರಿ ತರಿ ಐತಿ. ಇನ್ನೊಮ್ಮೆ ಬೀಸಿ ಕಳಸ್ರಿ."

ಅಕ್ಕನ ತಿದ್ದುಪಡಿ

ಪಾತ್ರಗಳು ಎಲ್ಲಿಂದ ಸಿಗುತ್ತವೆ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯವರು ಪ್ರಾರ್ಥನೆಯಲ್ಲಿ ಸಿಗುತ್ತಾರೆ. ಕೆಟ್ಟವರಿಗಾಗಿ ಬಂಧುಬಳಗದ ಕಡೆ ನೋಡಬೇಕಾಗುತ್ತದೆ.

ಕರುಣವ್ವನ ಅತ್ತೆಯ ಬಾಯಿಗೆ ನಾನು ಹಾಕಿದ ಮಾತೆಲ್ಲ ಹುನಗುಂದದಲ್ಲಿರುವ ನನ್ನ ಅಕ್ಕನವು. ಅಕ್ಕ ಸೊಸೆಯಂದಿರಿಗೆ ಅನ್ನುವುದನ್ನು ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದ್ದವು. "ನಿಮ್ಮವ್ವ ನಿನಗ ನೀರು ಕಾಯ್ಸೂದಾದ್ರೂ ಕಲಸ್ಯಾಳೇನು?" ಎಂಬುದನ್ನು ಒಂದಕ್ಷರ ಬದಲಿಸದೆ ಬರೆದಿದ್ದೆ. ಅಕ್ಕ ಪತ್ರಿಕೆ ಓದುವವಳಲ್ಲ ಎಂಬ ಧೈರ್ಯ.

ಒಂದು ಮಧ್ಯಾಹ್ನ ಅಕ್ಕ ಹುನಗುಂದದ ಬಸ್ಸಿಳಿದು ಸೀದಾ ಗಿರಣಿಗೇ ಬಂದಳು. ಕಂಕುಳಲ್ಲಿ ಪತ್ರಿಕೆ ಇತ್ತು. ನಾನು ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಂಡೆ. ನನ್ನ ಹೆಂಡತಿ ನೀರು ಕೊಡುವ ನೆವದಲ್ಲಿ ಬಂದು, ನೋಡುವಂಥದ್ದೇನೋ ಐತಿ ಎಂದು ಅಲ್ಲೇ ನಿಂತಳು.

"ತಮ್ಮಾ, ಇದನ್ನ ನೀ ಬರದೀ?"

"ಹೌದಕ್ಕಾ... ಕಥಿ ಅದು. ಯಾರನ್ನೂ ಮನಸ್ಸಿನ್ಯಾಗ ಇಟಗೊಂಡು..."

"ಈ ಅತ್ತಿ ಯಾರರ ಇರ್ಲಿ, ಭಾಳ ಶಾಣ್ಯಾ ಹೆಣ್ಣುಮಗಳು. ಆಕಿ ಅನ್ನೂದ್ರಾಗ ತಪ್ಪೇನೈತಿ? ಸೊಸಿ ತಡಾಮಾಡಿ ಏಳ್ತಾಳ, ಅತ್ತಿ ಒಂದ್ ಮಾತು ಅನಬಾರದೇನು? ಎಲ್ಲಾ ಬಿಟ್ಟು ಆ ಕರುಣವ್ವಗ ಪಾಪ ಪಾಪ ಅಂತೀಯಲ್ಲ, ನಿನಗ ಕಣ್ಣಿಲ್ಲೇನು?"

ನನಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಜೋಳದ ಚೀಲದ ಮೇಲೆ ಕೂತು, "ಆದ್ರ ಆಕಿ ಮಾತು ಸ್ವಲ್ಪ ಮೆತ್ತಗ ಆತು. ಪೆನ್ನು ತಗೋ, ನಾ ಹೇಳ್ತೇನಿ, ಬರಕೋ" ಎಂದಳು. ಸಂಜೆಯ ಬಸ್ಸಿನವರೆಗೂ ಹೇಳುತ್ತಲೇ ಇದ್ದಳು. ಆ ತಿಂಗಳ ಕಂತು ಓದಿ ಸಂಪಾದಕರು ಫೋನ್ ಮಾಡಿದರು: "ಈ ಅಧ್ಯಾಯದಾಗ ನಿಮ್ಮ ಕೈ ಪಳಗೇತಿ ನೋಡ್ರಿ!"

ಬಾದಾಮಿಯ ಕೆರೆ ದಂಡೆ

ಸಾವಿನ ಅಧ್ಯಾಯ ಬರೆಯುವ ಹೊತ್ತು ಬಂತು. ಗಿರಣಿಯಲ್ಲಿ ಕೂತು ಅದನ್ನು ಬರೆಯಲು ಮನಸ್ಸು ಒಪ್ಪಲಿಲ್ಲ. ಶಾಂತವಾದ ಜಾಗ ಬೇಕೆಂದು ಬಾದಾಮಿಗೆ ಹೋದೆ. ಕೆರೆಯ ಮೆಟ್ಟಿಲ ಮೇಲೆ, ಜನರಿಂದ ದೂರ, ಕೆಂಪು ಬಂಡೆಗಳ ಕಡೆ ಮುಖ ಮಾಡಿ ಕೂತೆ. ಬರೆಯುವ ಮೊದಲು ಮಾತುಗಳನ್ನು ಬಾಯಿಬಿಟ್ಟು ಹೇಳಿ ನೋಡುವುದು ನನ್ನ ರೂಢಿ. ಗಿರಣಿಯಲ್ಲಾದರೆ ಮಷೀನಿನ ಸದ್ದಿನಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಮಷೀನು ಇಲ್ಲ ಎಂಬುದು ಮರೆತೇಹೋಯಿತು.

"ನನ್ನ ದಿನಾ ಮುಗದಾವು," ಎಂದೆ ಕಣ್ಣು ಮುಚ್ಚಿ. "ಯಾರ ಮ್ಯಾಲೂ ನನಗ ಸಿಟ್ಟಿಲ್ಲ. ನಾ ಇನ್ನ ಹೊಂಟೇನಿ. ಕರ್ತಾ, ನಿನ್ನ ಹತ್ರ ಬರ್ತೇನಿ!" ಹೇಳುತ್ತ ಹೇಳುತ್ತ ದುಃಖ ಉಕ್ಕಿ ಬಂದು ಜೋರಾಗಿ ಅತ್ತೆ.

ಕಣ್ಣು ತೆರೆದಾಗ, ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳೆಲ್ಲ ಒಗೆಯುವುದು ಬಿಟ್ಟು ನನ್ನ ಸುತ್ತ ನಿಂತಿದ್ದರು. ಒಬ್ಬ ಗಟ್ಟಿಮುಟ್ಟಾದ ಹೆಣ್ಣುಮಗಳು ನನ್ನ ರಟ್ಟೆ ಹಿಡಿದೇಬಿಟ್ಟಿದ್ದಳು.

"ಕಾಕಾ, ನೀರಿನ ಕಡೆ ನೋಡಬ್ಯಾಡ. ನನ್ನ ಕಡೆ ನೋಡು. ಮನ್ಯಾಗ ಜಗಳಾ ಆಗೇತೇನು?"

"ಇಲ್ಲವ್ವಾ, ಕರುಣವ್ವ ಸಾಯಾಕತ್ತಾಳ, ಅದಕ್ಕ..."

"ಅಯ್ಯ ಪಾಪ! ಮಗಳೇನು?"

"ಮಗಳಲ್ಲ. ನಾನ ಆಕಿನ್ನ ಸಾಯಿಸ್ಬೇಕು, ಅದಕ್ಕ ಇಲ್ಲಿಗೆ ಬಂದೇನಿ."

ಆಕೆ ಇನ್ನೊಂದು ರಟ್ಟೆಯನ್ನೂ ಹಿಡಿಯುವಂತೆ ಪಕ್ಕದವಳಿಗೆ ಕಣ್ಣುಸನ್ನೆ ಮಾಡಿದಳು. ಬಾಯಿಗೆ ರೊಟ್ಟಿ ಝುಣಕ ತುರುಕಿ, ನನ್ನ ಜೇಬಿನಿಂದಲೇ ಫೋನ್ ತೆಗೆಸಿ ಮನೆಗೆ ಹಚ್ಚಿಸಿದರು. ಸ್ಪೀಕರಿನಲ್ಲಿ ಇಟ್ಟಿದ್ದರಿಂದ ನನ್ನ ಹೆಂಡತಿಯ ದನಿ ಕೆರೆಯ ದಂಡೆಗೆಲ್ಲ ಕೇಳಿಸಿತು.

"ಯಕ್ಕಾ, ನಿಮ್ಮ ಯಜಮಾನ್ರು ಕೆರಿ ದಂಡಿ ಮ್ಯಾಲೆ ಕುಂತು ಹೊಂಟೇನಿ ಹೊಂಟೇನಿ ಅಂತ ಅಳಾಕತ್ತಾರ!"

"ದಿನಾ ಹಂಗ ಅಂತಾರ್ರಿ. ಏನರ ಉಂಡಾರೇನು ಕೇಳ್ರಿ."

"ಉಂಡಾರ. ಕರುಣವ್ವ ಅನ್ನಾಕಿನ್ನ ಸಾಯಿಸ್ತೇನಿ ಅಂತಾರ!"

ಗಂಡ ಕೆರೆಗೆ ಹಾರುತ್ತಾನೆ ಎಂದಾಗ ಒಂದಿಷ್ಟೂ ಅಲುಗದ ದನಿ ಈಗ ನಡುಗಿತು: "ಏನಂದ್ರೀ? ಕರುಣವ್ವನ್ನಾ? ಯವ್ವಾ, ಅವರನ್ನ ಅಲ್ಲೇ ಕಟ್ಟಿ ಹಾಕ್ರಿ, ನಾ ಈಗ ಬರ್ತೇನಿ!"

ಪ್ರಾರ್ಥನಾ ಬೇಡಿಕೆ

ಅಂದೇ ಸಂಜೆ ಓಣಿಗೆಲ್ಲ ಸುದ್ದಿಯಾಯಿತು. ಮಗ್ಗದ ಸದ್ದು ನಿಲ್ಲಿಸಿ ಮಂದಿ ಗಿರಣಿಗೆ ಬಂದು ಕೇಳಿದರು: "ಆಕಿ ಸಾಯೂದು ಖರೆ ಏನ್ರಿ?" ನಮ್ಮ ಎದುರು ಮನೆಯ ನೇಕಾರರ ಅಜ್ಜಿ, ಮೊಮ್ಮಗಳಿಂದ ಪ್ರತಿ ಕಂತೂ ಓದಿಸಿ ಕೇಳುವವಳು, ಬೀಸಲು ತಂದ ಗೋದಿಯನ್ನು ತಿರುಗಿ ಒಯ್ದಳು. "ನಿನ್ನ ಕೈಯಾಗಿನ ಹಿಟ್ಟು ನಮಗ ಬ್ಯಾಡಪಾ" ಎಂದಳು.

ನಮ್ಮ ಸಭೆಯ ಹೆಣ್ಣುಮಕ್ಕಳ ಕೂಟದವರು ಉಪವಾಸ ಪ್ರಾರ್ಥನೆ ಹಿಡಿದರು. ಕಥೆಯೊಳಗಿನವಳು ಎಂಬುದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. "ಆಕಿ ಕಥಿಯಾಗಿನಾಕಿ ಆದ್ರೇನಾತ್ರಿ? ನಮ್ಮ ಸಂಕಟ ಖರೆ ಅಲ್ಲೇನು?" ಎಂದು ನನ್ನ ಹೆಂಡತಿಯೇ ಮುಂದಾಳಾದಳು.

ನಮ್ಮಲ್ಲಿ ಭಾನುವಾರ ಪ್ರಾರ್ಥನಾ ಬೇಡಿಕೆಗಳನ್ನು ಸಭೆಯ ಮುಂದೆ ಓದುವ ಪದ್ಧತಿ. ಹೊಸ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಚಾಮರಾಜನಗರದ ಕಡೆಯವರು. ಬಂದು ಬಹಳ ದಿನ ಆಗಿರಲಿಲ್ಲ, ಪತ್ರಿಕೆ ಇನ್ನೂ ನೋಡಿರಲಿಲ್ಲ. ಅವರು ಓದಿದರು: "ಎದೆನೋವಿನಿಂದ ಬಳಲುತ್ತಿರುವ ಸಹೋದರಿ ಕರುಣವ್ವನವರಿಗಾಗಿ." ತಲೆಯೆತ್ತಿ ಕೇಳಿದರು, "ಇವರನ್ನು ನಾನು ಭೇಟಿಯಾಗಿಲ್ಲವಲ್ಲ. ಈಗ ಎಲ್ಲಿದ್ದಾರೆ?"

ಮುಂದಿನ ಸಾಲಿನ ಒಬ್ಬ ಹಿರಿಯಳು ಎದ್ದು ಹೇಳಿದಳು: "ನಮ್ಮ ಗಿರಣಿಯವರ ಹತ್ರ ಅದಾಳ್ರಿ."

"ಅವರ ಮನೆಯಲ್ಲಿಯೇ?"

"ಮನ್ಯಾಗ ಅಲ್ರಿ, ಗಿರಣ್ಯಾಗ. ಹಗಲೆಲ್ಲಾ ಇವರು ಆಕಿ ಜೋಡಿನ ಕುಂತಿರ್ತಾರ."

ಅಯ್ಯನವರು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. "ಆಕೆಗೆ ಕುಟುಂಬದವರು?"

"ಯಾರೂ ಇಲ್ರಿ, ಗಂಡ ಸತ್ತಾಕಿ. ಆಕಿ ಸಾಯೂದು ಬದುಕೂದು ಎಲ್ಲಾ ಇವರ ಕೈಯಾಗ ಐತ್ರಿ."

ಅಯ್ಯನವರ ದನಿ ತಗ್ಗಿತು. "ನಿಮ್ಮ ಪತ್ನಿಯವರಿಗೆ... ಈ ವಿಷಯ ತಿಳಿದಿದೆಯೇ?"

ನಾನು ಏಳುವುದರೊಳಗೆ ನನ್ನ ಹೆಂಡತಿ ಎದ್ದು ನಿಂತಳು. "ತಿಳದೈತ್ರಿ ಅಯ್ಯನವರ. ಆಕಿ ಬಂದಾಗಿಂದ ಇವರಿಗೆ ನನ್ನ ಕೂಡ ಮಾತಾಡಾಕ ಪುರುಸೊತ್ತಿಲ್ಲ. ಆದ್ರೂ ಆಕಿ ಮ್ಯಾಲೆ ನನಗ ಸಿಟ್ಟಿಲ್ರಿ. ಆಕಿ ಬದುಕ್ಲಿ ಅಂತ ನಾನೂ ಉಪಾಸ ಅದೀನಿ."

ಅಯ್ಯನವರು ಅಂದಿನ ಬೋಧನೆಗೆಂದು ಬರೆದು ತಂದ ಪ್ರಸಂಗವನ್ನು ಮಡಚಿ ಬದಿಗಿಟ್ಟರು. ಗಂಡಸು ಹೆಂಡತಿಗೆ ನಿಷ್ಠನಾಗಿರುವುದು ಹೇಗೆ ಎಂಬುದರ ಮೇಲೆ ಅಂದು ನನ್ನೊಬ್ಬನನ್ನೇ ನೋಡುತ್ತ ಬೋಧಿಸಿದರು. ಕಡೆಗೆ ಎಲ್ಲರೂ ಆಮೆನ್ ಅಂದರು. ನನ್ನ ಹೆಂಡತಿಯ ಆಮೆನ್ ಎಲ್ಲರಿಗಿಂತ ಜೋರಾಗಿತ್ತು.

ಮುಂಗಡ ಸ್ತೋತ್ರ

ನಿಜ ತಿಳಿದ ಮೇಲೆ ಅಯ್ಯನವರು ಹೊಟ್ಟೆ ಹಿಡಿದು ನಕ್ಕರು. ಹಳೆಯ ಕಂತುಗಳನ್ನೆಲ್ಲ ತರಿಸಿ ಓದಿದರು. ನಾನು ನನ್ನ ಸಂಕಟ ತೋಡಿಕೊಂಡೆ. ಇಷ್ಟರ ನಡುವೆಯೂ ಸಾವಿನ ಅಧ್ಯಾಯ ಬರೆದು ಮುಗಿಸಿದ್ದೆ. ಅಷ್ಟು ಚೆನ್ನಾದದ್ದನ್ನು ನಾನು ಮೊದಲು ಬರೆದಿರಲಿಲ್ಲ, ಮುಂದೆ ಬರೆಯುವ ಭರವಸೆಯೂ ಇಲ್ಲ. ಅದನ್ನು ಕಳಿಸಿದರೆ ಇಷ್ಟು ಮಂದಿ ಉಪವಾಸ ಮಾಡಿ ಬೇಡಿದ್ದು ಸುಳ್ಳಾಗುತ್ತದೆ. ಕಳಿಸದಿದ್ದರೆ ಕಾದಂಬರಿಗೆ ಜೀವವೇ ಇಲ್ಲ.

ಅಯ್ಯನವರು ಗಡ್ಡ ನೀವಿಕೊಂಡು ಹೇಳಿದರು: "ಬೇರೆ ಯಾರಾದರೂ ಆಗಿದ್ದರೆ ಎಲ್ಲ ದೇವರ ಚಿತ್ತ ಅಂತ ಹೇಳಿ ಕಳಿಸಿಬಿಡುತ್ತಿದ್ದೆ. ಇಲ್ಲಿ ಚಿತ್ತ ನಿಮ್ಮದಾಗಿದೆಯಲ್ಲ, ನಾನೇನು ಮಾಡಲಿ?"

ಅಷ್ಟರಲ್ಲಿ ಹೆಣ್ಣುಮಕ್ಕಳು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಬೇಡಿದ ಮೇಲೆ ಸಿಕ್ಕಿತು ಎಂದು ನಂಬಬೇಕು, ನಂಬಿದ ಮೇಲೆ ಸ್ತೋತ್ರ ಸಲ್ಲಿಸಬೇಕು ಎಂದು, ಕರುಣವ್ವ ವಾಸಿಯಾದದ್ದಕ್ಕೆ ಕೃತಜ್ಞತೆಯ ಊಟವನ್ನೇ ಇಟ್ಟುಕೊಂಡುಬಿಟ್ಟರು. ಓಣಿಗೆಲ್ಲ ಹೋಳಿಗೆ. ಎದುರು ಮನೆಯ ಅಜ್ಜಿ ತಾನೇ ಬದನೆಕಾಯಿ ಎಣಗಾಯಿ ಮಾಡಿ ತಂದಳು. ನವನಗರದಿಂದ ಸಂಪಾದಕರನ್ನೂ ಕರೆಸಿದರು. ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳಿದರು: ಕರುಣವ್ವನ ಎದೆಬೇನೆ ಹೋಯಿತು, ಮುಖದ ಮೇಲೆ ಕಳೆ ಬಂತು, ಎದ್ದು ಕೂತು ಗಂಜಿ ಕುಡಿದಳು. ನನಗೇ ಗೊತ್ತಿರದ ವಿವರಗಳು.

ನಾನು ಜೇಬಿನಲ್ಲಿ ಸಾವಿನ ಅಧ್ಯಾಯ ಇಟ್ಟುಕೊಂಡು ಕೂತಿದ್ದೆ. ಊಟವಾದ ಮೇಲೆ ಮೆಲ್ಲಗೆ ಅದನ್ನು ತೆಗೆದು ಸಂಪಾದಕರ ಕಡೆ ಚಾಚಿದೆ. ಮಾಸ್ತರರು ಮುಟ್ಟಲೂ ಇಲ್ಲ.

"ನಾ ಹೋಳಿಗಿ ಉಂಡೇನ್ರಿ," ಎಂದರು. "ನೀವೂ ಉಂಡೀರಿ, ತುಪ್ಪ ಕೇಳಿ ಕೇಳಿ ಹಾಕಿಸ್ಕೊಂಡು ಉಂಡೀರಿ. ಆಕಿ ಬದುಕಿದ ಹೋಳಿಗಿ ಉಂಡು ಇನ್ನ ಆಕಿನ್ನ ಯಾವ ಬಾಯಿಲೆ ಸಾಯಿಸ್ತೀರಿ?"

ಕರುಣವ್ವ ಬದುಕಿದಳು. ಪತ್ರಿಕೆಯಲ್ಲಿ ಅತ್ತೆ ಗಂಜಿ ತಂದು ಕುಡಿಸಿದಳು, ಎಲ್ಲ ಸುಖವಾಯಿತು. ನನ್ನ ಆ ಅಧ್ಯಾಯ ಟ್ರಂಕಿನ ತಳ ಸೇರಿತು. ಅದಕ್ಕಾಗಿ ಅತ್ತವನು ನಾನೊಬ್ಬನೇ.

ರಾಮಥಾಳದವರು ಬಂದರು

ಆ ಊಟಕ್ಕೆ ರಾಮಥಾಳದಿಂದ ಯಾರದೋ ಸೋದರತ್ತೆ ಬಂದಿದ್ದಳಂತೆ. ಓದು ಬಾರದ ಮುದುಕಿ. ಸಾಕ್ಷಿಗಳನ್ನೆಲ್ಲ ಕೇಳಿ, ಹೋಳಿಗೆ ಉಂಡು, ಊರಿಗೆ ಹೋಗಿ ಹೇಳಿದಳು: ಇಳಕಲ್ಲಿನಲ್ಲಿ ಒಬ್ಬ ವಿಧವೆ ಇದ್ದಾಳೆ, ಸತ್ತು ಬದುಕಿದ ಪುಣ್ಯವಂತೆ, ಬಾಯಿ ಸತ್ತವಳು, ಸೀರೆ ನೇಯುತ್ತಾಳೆ.

ಭಾನುವಾರ ಆರಾಧನೆ ಮುಗಿಸಿ ಬಂದು ಇನ್ನೂ ಅಂಗಿ ಬಿಚ್ಚಿರಲಿಲ್ಲ, ಮನೆ ಮುಂದೆ ಬಾಡಿಗೆ ಗಾಡಿ ನಿಂತಿತು. ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು, ಅವರ ಹಿಂದೆ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಒಬ್ಬ ಗಂಡಸು. ಮೀಸೆಗೆ ಆಗತಾನೆ ಕಪ್ಪು ಹಚ್ಚಿದ್ದ. ಕೈಯಲ್ಲಿ ಬಾಳೆಹಣ್ಣಿನ ಗೊನೆ, ಇಳಕಲ್ ಸೀರೆಯ ಊರಿಗೇ ತಂದ ಒಂದು ಇಳಕಲ್ ಸೀರೆ.

"ನಮ್ಮ ಹುಡುಗನ ಹೆಂಡ್ತಿ ತೀರಿಕೊಂಡು ಭಾಳ ದಿನಾ ಆತ್ರಿ," ಎಂದರು ಹಿರಿಯರು ಪಡಸಾಲೆಯಲ್ಲಿ ಕೂತು. "ನಮ್ಮ ಸಭಿಯಾವನ. ಕರುಣವ್ವನ ಸಲುವಾಗಿ ಕೇಳಾಕ ಬಂದೇವಿ. ಎಲ್ಲಾ ನಿಮ್ಮ ಕೈಯಾಗ ಐತಿ ಅಂತ ಹೇಳ್ಯಾರ."

ನಾನು ಸುಳ್ಳು ಹೇಳುವವನಲ್ಲ. ಕೂಡಲೇ ಅಂದೆ: "ಹಿರಿಯಾರ, ಆಕಿ ಕಥಿಯಾಗ ಇರಾಕಿ ರೀ."

"ಯಾರ ಬಾಳು ಕಥಿ ಅಲ್ರಿ? ನಮ್ಮ ಹುಡುಗಂದೂ ದೊಡ್ಡ ಕಥಿನ."

"ಹಂಗಲ್ರಿ. ಆಕಿನ್ನ ನಾನ ಹುಟ್ಟಿಸೇನಿ."

"ತಂದಿ ಜಾಗಾದಾಗ ನಿಂತೀರಿ ಅಂತ ಕೇಳೇವ್ರಿ. ದೊಡ್ಡ ಮನಸ್ಸು ನಿಮ್ದು."

"ಅಯ್ಯ, ಆಕಿಗೆ ಮೈ ಅನ್ನೂದ ಇಲ್ರಿ!"

"ಜಡ್ಡಿಂದ ಎದ್ದಾಕಿಗೆ ಮೈ ಎಲ್ಲಿ ಇರ್ತೈತ್ರಿ? ನಮ್ಮಲ್ಲಿ ಎಮ್ಮಿ ಹೈನ ಐತಿ, ಉಂಡ್ರ ಮೈ ತಾನ ಬರ್ತೈತಿ."

ಬಿಳಿ ಅಂಗಿಯವನು ತಲೆ ಕೆಳಗೆ ಹಾಕಿ ಮೊದಲ ಸಲ ಬಾಯಿ ತೆರೆದ: "ನನಗ ಚಂದ ಬ್ಯಾಡ್ರಿ. ಸಂಜಿಗೆ ಕೂಡಿ ಪ್ರಾರ್ಥನಿ ಮಾಡಾಕಿ ಒಬ್ಬಾಕಿ ಇದ್ರ ಸಾಕು."

ಅಷ್ಟರಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ನೆರೆದಿದ್ದರು. ಪತ್ರಿಕೆಯೊಳಗಿನ ಹೆಣ್ಣನ್ನು ನೋಡಲು ಮೀಸೆಗೆ ಕಪ್ಪು ಹಚ್ಚಿಕೊಂಡು ಬಂದ ಎಂದು ಇವರೆದುರಿಗೆ ಬಯಲಾದರೆ, ಆ ಬಡಪಾಯಿ ಈ ತಾಲೂಕಿನಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ನನ್ನನ್ನು ಅಡಿಗೆಮನೆಗೆ ಎಳೆದಳು.

"ಮಾರಿ ಎಷ್ಟು ಸಣ್ಣದು ಮಾಡ್ಕೊಂಡು ಕುಂತಾನ ನೋಡ್ರಿ ಪಾಪ. ಆ ಮನುಷ್ಯಾನ್ನ ನಗಿಗೇಡು ಮಾಡಬ್ಯಾಡ್ರಿ."

"ಮತ್ತೇನ್ ಮಾಡ್ಲಿ? ಆಕಿನ್ನ ಎಲ್ಲಿಂದ ತರ್ಲಿ?"

ಹೆಂಡತಿ ಬಾಣಲೆಯ ಕಡೆ ನೋಡಿದಳು, ಚಾವಣಿಯ ಕಡೆ ನೋಡಿದಳು. ಉಪವಾಸ ಮಾಡಿದವಳು, ಹೋಳಿಗೆಯ ಹೂರಣ ರುಬ್ಬಿದವಳು, ನಿಟ್ಟುಸಿರು ಬಿಟ್ಟು ಅಂದಳು: "ಸಾಯಿಸಿಬಿಡ್ರಿ."

"ಸುಳ್ಳು ಹೇಳ್ಲೇನು?"

"ಸುಳ್ಳ್ಯಾಕ? ನೀವು ಬರದೀರಲ್ಲ, ಅದನ್ನ ಹೇಳ್ರಿ."

ಪಡಸಾಲೆಗೆ ಬಂದು ಕೂತೆ. ಗಂಟಲು ಸರಿಮಾಡಿಕೊಂಡು, ಟ್ರಂಕಿನ ತಳದಲ್ಲಿದ್ದ ಅಧ್ಯಾಯವನ್ನು ಬಾಯಿಪಾಠದಿಂದ ಮೊದಲಿನಿಂದ ಕೊನೆಯತನಕ ಹೇಳಿದೆ. ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆ, ಕರುಣವ್ವನ ಕಡೆಯ ಮಾತು, ಬಾಗಿಲಲ್ಲಿ ನಿಂತ ಅತ್ತೆ, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸಿ ಕಡೆಗೆ ಬಂದು ಹಾಸಿಗೆಯ ಬದಿಗೆ ಮೊಣಕಾಲೂರಿದ್ದು. ಕರುಣವ್ವ ಅತ್ತೆಯ ತಲೆಯ ಮೇಲೆ ಕೈ ಇಟ್ಟಳು. ಆ ಕೈ ಅಲ್ಲೇ ತಣ್ಣಗಾಯಿತು.

ಹಿರಿಯರು ಪಟಗದ ಚುಂಗಿನಿಂದ ಕಣ್ಣೊರೆಸಿಕೊಂಡರು. ಬಿಳಿ ಅಂಗಿಯವನು ಬಿಕ್ಕಿ ಬಿಕ್ಕಿ ಅತ್ತ. ಮೀಸೆಯ ಕಪ್ಪು ಗಲ್ಲದವರೆಗೆ ಇಳಿಯಿತು. ಅವಲಕ್ಕಿ ತಂದ ಹೆಂಡತಿ ತಾಟು ಹಿಡಿದುಕೊಂಡೇ ಅತ್ತಳು. ಕಿಟಕಿಯಲ್ಲಿ ನಿಂತಿದ್ದ ಎದುರು ಮನೆಯ ಅಜ್ಜಿ ಮೂಗು ಸೀಟಿಕೊಂಡು, ನನಗಷ್ಟೇ ಕೇಳುವಂತೆ ಅಂದಳು: "ಆಕಿ ಇಷ್ಟು ಚಂದ ಸಾಯ್ತಾಳಂತ ಮೊದಲ ಹೇಳಬಾರದೇನಪಾ? ನಾವ್ಯಾಕ ಅಡ್ಡ ಬರ್ತಿದ್ವಿ?"

ನನ್ನ ಜನ್ಮ ಸಾರ್ಥಕವಾಯಿತು. ಎದೆ ತುಂಬಿ ದೇವರಿಗೆ ಸ್ತೋತ್ರ ಹೇಳಿದೆ.

ಹಿರಿಯರು ಅವಲಕ್ಕಿ ತಿಂದರು, ಚಹಾ ಕುಡಿದರು, ಪಟಗ ಸರಿಮಾಡಿಕೊಂಡು ಎದ್ದರು. ಹೊಸ್ತಿಲವರೆಗೆ ಹೋದವರು ಏನೋ ನೆನಪಾದಂತೆ ತಿರುಗಿ ನಿಂತು, ನನ್ನ ಕೈ ಹಿಡಿದುಕೊಂಡು, ಭಾಳ ಮೆತ್ತಗಿನ ದನಿಯಲ್ಲಿ ಕೇಳಿದರು:

"ಹೋದಾಕಿ ಹೋದ್ಳು, ದೇವರ ಇಚ್ಛಾ. ಆಕಿಗೆ ತಂಗಿ ಯಾರರ ಅದಾರೇನ್ರಿ?"